ಆಷಾಢದಲ್ಲಿ ಖಾಲಿ ಬಿದ್ದ ಛತ್ರ

ಮೊನ್ನೆ ಇಂದಿರಾನಗರದ ಸಿಗ್ನಲ್ಲಿನಲ್ಲಿ ಮುಂದಿನ ಕಾರು ಮತ್ತೆ ಮತ್ತೆ ಆಫ್ ಆಗುತ್ತಿತ್ತು. ಹಿಂದೆ ಕೆಂಪು ‘ಎಲ್’ ಬೋರ್ಡು. ಕಿಟಕಿಯಿಂದ ಸುಟ್ಟ ಕ್ಲಚ್ಚಿನ ವಾಸನೆ ಒಳಗೆ ಬಂತು... ಹಲಸೂರಿನ ಕೆಳಮನೆ ಆಂಟಿ ನೆನಪಾದರು.

ಆಗ ನಾನು ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಡ್ರೈವಿಂಗ್ ಲೈಸೆನ್ಸ್ ಪಡೆದವಳೂ ನಾನೇ. ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಆಂಟಿಯ ಬಳಿ ತೀರಿಹೋದ ಗಂಡನ ಕಾರಿತ್ತು, ಓಡಿಸಲು ಬರುತ್ತಿರಲಿಲ್ಲ. ಮಗ ಅದನ್ನು ಮಾರಲು ಹೊರಟಿದ್ದ. ಕೊಳ್ಳುವವರು ಆಷಾಢ ಕಳೆಯಲಿ ಎಂದಿದ್ದರು.

“ಅಷ್ಟರಲ್ಲಿ ನಾನೇ ಓಡಿಸಿ ತೋರಿಸಿದ್ರೆ ಮಾರಲ್ವಂತೆ. ಕಲಿಸ್ತೀಯೇನಮ್ಮಾ? ಆದ್ರೆ ಬೀದೀಲಿ ಬೇಡ. ಈ ವಯಸ್ಸಲ್ಲಿ ಇವಳಿಗ್ಯಾಕೆ ಅಂತ ನಗೋರೇ ಜಾಸ್ತಿ.”

ಜಾಗವನ್ನೂ ಅವರೇ ಹುಡುಕಿದರು. ಕೆ.ಆರ್. ಪುರದ ಕಡೆ, ಮಗನ ಮದುವೆ ಮಾಡಿದ್ದ ಛತ್ರ. ಆಷಾಢದಲ್ಲಿ ಮದುವೆಗಳಿಲ್ಲ, ಕಾರು ನಿಲ್ಲಿಸುವ ಹಿಂದಿನ ಅಂಗಳ ಪೂರ್ತಿ ಖಾಲಿ, ಸುತ್ತ ಎತ್ತರದ ಗೋಡೆ. ಮ್ಯಾನೇಜರ್ ಗೇಟು ತೆಗೆಸಿ, “ಗೋಡೆಗೆ ಮಾತ್ರ ಗುದ್ಬೇಡಿ ಅಮ್ಮಾ, ಶ್ರಾವಣಕ್ಕೆ ಫುಲ್ ಬುಕ್ಕಾಗಿದೆ” ಎಂದು ನಕ್ಕ.

ಆಂಟಿ ಕ್ಲಚ್ ಬಿಟ್ಟ ಕೂಡಲೇ ಕಾರು ಕುಪ್ಪಳಿಸಿ ನಿಲ್ಲುತ್ತಿತ್ತು. “ಇರಿ ಆಂಟಿ, ಒಂದ್ಸಲ ತೋರಿಸ್ತೀನಿ” ಎಂದು ನಾನು ಸ್ಟೀರಿಂಗ್ ಹಿಡಿಯುತ್ತಿದ್ದೆ. ಒಂದು ಸಲವಲ್ಲ... ರಿವರ್ಸ್, ಎಂಟರ ಆಕಾರ, ಎರಡು ಕಂಬಗಳ ನಡುವೆ ಪಾರ್ಕಿಂಗ್. ಆ ಖುಷಿ ಎಂಥದೆಂದು ಮನೆಯಲ್ಲಿ ಸೈಕಲ್ಲೂ ಇಲ್ಲದೆ ಬೆಳೆದವರಿಗೆ ಗೊತ್ತು. ಆಂಟಿ ಪಕ್ಕದ ಸೀಟಿನಲ್ಲಿ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು.

“ಕಾರು ನಿಂಗೇ ಒಗ್ಗಿದೆ ಬಿಡು. ನನ್ ಸರದಿ ಯಾವಾಗ, ಮುಂದಿನ್ ಆಷಾಢಕ್ಕಾ?” ಎಂದು ಒಮ್ಮೆ ಛೇಡಿಸಿದರು. ನಾನೂ ನಕ್ಕೆ. ಸೀಟು ಮಾತ್ರ ಬಿಡಲಿಲ್ಲ.

ಶ್ರಾವಣ ಬಂತು. ಮಗ ಪಕ್ಕದಲ್ಲಿ ಕೂತಾಗ ಆಂಟಿಗೆ ಕಾರನ್ನು ಮನೆಯ ಗೇಟು ದಾಟಿಸಲೂ ಆಗಲಿಲ್ಲ. ಆ ವಾರವೇ ಕಾರು ಹೋಯಿತು. ಆಮೇಲೆ ಅವರು ಮಗನ ಮನೆಗೆ ಹೋದರು, ನಾನು ಬೇರೆ ಕಡೆ... ಫೋನು ಮಾಡಬೇಕೆಂದುಕೊಂಡೇ ವರ್ಷಗಳು ಕಳೆದವು.

ಮೊನ್ನೆ ಮನೆಗೆ ಬಂದವಳೇ ಹಳೆಯ ನಂಬರಿಗೆ ಕರೆ ಮಾಡಿದೆ. ಫೋನೆತ್ತಿದ ಮಗನಿಗೆ, ಹಲಸೂರಿನಲ್ಲಿ ಮೇಲಿನ ಮನೆಯಲ್ಲಿದ್ದವಳು ಎಂದೆ. ಆಂಟಿ ಹೋದ ವರ್ಷವೇ ತೀರಿಕೊಂಡರಂತೆ.

“ಕಾರು ಕಲಿಸಿದೋರು ಅಲ್ವಾ ನೀವು? ಅಮ್ಮ ಎಲ್ಲರ ಹತ್ರಾನೂ ಹೇಳ್ತಿದ್ರು. ಪಾಪ, ಆ ಹುಡುಗಿ ದಿನಾ ಅಷ್ಟು ಕಷ್ಟಪಟ್ಟು ಕಲಿಸ್ತು, ನನ್ ತಲೆಗೇ ಹತ್ತಲಿಲ್ಲ ಅಂತ. ತುಂಬಾ ಥ್ಯಾಂಕ್ಸ್ ರೀ.”

“ಅಯ್ಯೋ, ಇರ್ಲಿ ಬಿಡಿ” ಎಂದು ಫೋನಿಟ್ಟೆ.