ಹಿಮ ಬೀಳದೆ ಹೊರಡುವುದಿಲ್ಲ

ನಮ್ಮ ಕಡೆಯವರಿಗೆ ಚಳಿ ಅಂದರೆ ಆಗಿಬರುವುದಿಲ್ಲ. ನನಗೋ ಚಿಕ್ಕಂದಿನಿಂದ ಅದರದೇ ಹುಚ್ಚು. ತೀರ್ಥಹಳ್ಳಿಯಲ್ಲಿ ನಮ್ಮ ಮನೆಯಿಂದ ತುಂಗೆಗೆ ನಾಲ್ಕು ಹೆಜ್ಜೆ. ಧನುರ್ಮಾಸದ ಬೆಳಗ್ಗೆ ಉಳಿದವರೆಲ್ಲ ಬಚ್ಚಲ ಒಲೆಯ ಮುಂದೆ ಮುದುರಿ ಕೂತಿದ್ದರೆ, ನಾನು ಹೊಳೆಯ ಕಲ್ಲಿನ ಮೇಲೆ ಕೂತು ಕಾಲು ಮರಗಟ್ಟುವವರೆಗೂ ನೀರಿಗೆ ಇಳಿಬಿಡುತ್ತಿದ್ದೆ. ಮರಗಟ್ಟಿದ ಕಾಲಿಗೆ ಮತ್ತೆ ಜೀವ ಬರುವಾಗ ಜುಮುಜುಮು ಅನ್ನುತ್ತದಲ್ಲ, ಆ ಸುಖವನ್ನು ಯಾರಿಗೆ ಹೇಳಿದರೂ ಬೈಸಿಕೊಳ್ಳುವುದೇ ಆಯಿತು. ಭೂಗೋಳದ ಪುಸ್ತಕದಲ್ಲಿದ್ದ ಹಿಮದ ಬೆಟ್ಟದ ಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಅದಕ್ಕೂ ಏಟು ಬಿತ್ತು.

ಮದುವೆಯಾಗಿ ಹೊಸನಗರದ ಸೊಸೆಯಾದೆ. ಗಂಡ ಮಿಲಿಟರಿಯಲ್ಲಿ ಗುಮಾಸ್ತ. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಅವರಿಗೆ ಹಿಮಾಲಯದ ಕಡೆ ವರ್ಗವಾಗಿದ್ದಾಗ ನಾನು ತವರಿನಲ್ಲಿ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಮಂಚದ ಕೆಳಗೆ ಕೆಂಡ. ಕುಡಿಯಲು ಒಂದು ಲೋಟ ತಣ್ಣೀರು ಕೇಳಿದರೆ ಇಡೀ ಮನೆ ಓಡಿಬರುತ್ತಿತ್ತು. ಆ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಅವರ ಕಾಗದ ಓದಿದೆ: ‘ಮೂರು ದಿನದಿಂದ ಹಿಮ ಬೀಳುತ್ತಿದೆ. ಬಾಗಿಲು ತೆಗೆಯಲು ಆಗುತ್ತಿಲ್ಲ. ಬಕೆಟ್ಟಿನ ನೀರು ಕಲ್ಲಾಗಿದೆ. ಊರಿನಲ್ಲಿರುವ ನೀನೇ ಪುಣ್ಯವಂತೆ.’ ನನಗೆ ಹೊಟ್ಟೆ ಉರಿದುಹೋಯಿತು. ಪುಣ್ಯವಂತೆಯಂತೆ!

ಆ ವರ್ಷದ ಕೊನೆಗೆ, ನಾನು ಕೂಸಿನೊಂದಿಗೆ ಹೊಸನಗರಕ್ಕೆ ಮರಳಿದ್ದಾಗ, ಅವರಿಗೆ ಕ್ವಾರ್ಟರ್ಸ್ ಸಿಕ್ಕಿತು. ಚಳಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದರು. ಬರುವುದಾದರೆ ಡಿಸೆಂಬರಿನಲ್ಲೇ ಬರುತ್ತೇನೆ, ಬೇಸಿಗೆಗಾದರೆ ನಾನು ಬರುವುದೇ ಇಲ್ಲ ಎಂದು ನಾನು ಬರೆದೆ. ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆಯೇ ಅತ್ತೆಗೆ ಹೇಳಿದ್ದು.

ಅತ್ತೆ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿದರು. “ನಿಂಗೆ ತಲೆ ಸರಿ ಇದ್ಯೇನೇ? ಹೋಗೋದಾದ್ರೆ ನೀ ಒಬ್ಳೇ ಹೋಗು. ಕೂಸನ್ನ ಇಲ್ಲೇ ಬಿಡು. ಹತ್ತು ತಿಂಗ್ಳ ಕೂಸನ್ನ ಆ ಚಳೀಲಿ ಕೊಲ್ತೀಯಾ?”

ಕೊಲ್ತೀಯಾ ಅನ್ನುವ ಮಾತು ಎದೆಗೆ ನಾಟಿತು. ಸುಳ್ಳೇಕೆ ಹೇಳಲಿ, ನನಗೂ ಹೆದರಿಕೆ ಇತ್ತು. ಆ ವಾರವೆಲ್ಲ ಮಗಳಿಗೆ ಹಾಲೂಡಿಸುವಾಗ ಅವಳ ಪಾದ ಹಿಡಿದು ನೋಡುತ್ತಿದ್ದೆ, ಬೆಚ್ಚಗಿದೆಯೋ ಇಲ್ಲವೋ ಎಂದು. ಆದರೂ ಹೇಳಿದೆ: “ನನ್ನ ಕೂಸು ನನ್ನ ಜೊತೇಲೇ ಬರ್ತದೆ ಅತ್ತೆ.”

ಅವರು ಮಾತು ಬಿಟ್ಟರು. ಆದರೆ ಗಂಡ ಬಂದು ಹೊರಡುವ ದಿನ ಕಂಬಳಿ, ಕಾಳುಮೆಣಸು ಎಲ್ಲ ಅವರೇ ಕಟ್ಟಿಕೊಟ್ಟರು, ಗೊಣಗುತ್ತಲೇ. ತಮ್ಮ ತಾಮ್ರದ ಕೊಡವನ್ನೂ ಕೊಟ್ಟು, “ರಾತ್ರಿ ಕೊಡ ಖಾಲಿ ಇಡ್ಬೇಡ, ಮನೆಗೆ ಒಳ್ಳೇದಲ್ಲ. ಇಷ್ಟಾದ್ರೂ ಕೇಳು” ಅಂದರು. ಸಾಗರದಲ್ಲಿ ರೈಲು ಹತ್ತಿದಾಗ ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗೆ ಎಂದು ಕೇಳಿ, ಕೂಸನ್ನು ನೋಡಿ, “ಪಾಪ, ಗಂಡನ ಮೇಲೆ ಎಷ್ಟು ಪ್ರೀತಿ ಇದ್ರೆ ಅಷ್ಟು ದೂರ ಹೊರಡ್ತೀರಿ!” ಅಂದಳು. ನಾನು ತಿದ್ದಲು ಹೋಗಲಿಲ್ಲ. ಗಂಡ ಮಾತ್ರ ಕಿಟಕಿಯ ಕಡೆ ತಿರುಗಿ ನಕ್ಕರು.

ಹೋಗಿ ನೋಡಿದರೆ ಹಿಮ ಎಲ್ಲಿದೆ? ಕಂದು ಬೆಟ್ಟ, ಒಣ ಗಾಳಿ, ಒಡೆದ ತುಟಿ. ದಿನಾ ಬೆಳಗ್ಗೆ ಎದ್ದು ಕಿಟಕಿ ಒರೆಸಿ ನೋಡುವುದು, ಪೆಚ್ಚಾಗುವುದು. ಹತ್ತು ದಿನ ಹೀಗೇ ಕಳೆಯಿತು. ಸಂಜೆ ಮಾತ್ರ ಅತ್ತೆಯ ಮಾತು ತಪ್ಪದೆ ಕೊಡಕ್ಕೆ ಕಂಠದವರೆಗೆ ನೀರು ತುಂಬಿ ಇಡುತ್ತಿದ್ದೆ. ಒಂದು ಸಂಜೆ ಒಳಗೆ ಜಾಗ ಸಾಲದೆ ಅದನ್ನು ಬಾಗಿಲ ಹೊರಗೆ ಇಟ್ಟೆ.

ಬೆಳಗ್ಗೆ ನೋಡುತ್ತೇನೆ, ಕೊಡದ ಬುಡ ಉಬ್ಬಿ, ಬೆಸುಗೆ ಬಿಟ್ಟು, ಬಿರುಕಿನಿಂದ ಮಂಜುಗಡ್ಡೆ ಹೊರಗೆ ಬಂದಿದೆ. ತುಂಬಿದ ಕೊಡ ಮನೆಗೆ ಒಳ್ಳೆಯದು ಅನ್ನುವುದು ಮಲೆನಾಡಿನ ಮಾತು. ನೀರು ತಾಮ್ರವನ್ನು ಸೀಳುತ್ತದೆ ಎಂದು ಅಲ್ಲಿ ಯಾರಿಗೆ ಗೊತ್ತಿರಬೇಕು?

ಗಂಡನ ಮುಖ ಬಿಳಿಚಿಕೊಂಡಿತು. “ತಾಮ್ರಾನೇ ಒಡೀತಲ್ಲ ಮಾರಾಯ್ತಿ! ಇನ್ನು ಮಗು ಗತಿ ಏನು? ಶುಕ್ರವಾರ ಕೆಳಗೆ ಜೀಪ್ ಹೋಗ್ತದೆ. ನೀವಿಬ್ರೂ ಹೊರಟುಬಿಡಿ.”

“ಹಿಮ ಬೀಳದೆ ನಾನು ಹೊರಡಲ್ಲ.”

“ನಿನ್ನ ಹಠಕ್ಕೆ ಕೂಸು ಬಲಿ ಆಗ್ಬೇಕಾ?”

“ಕೊಡ ಹೊರಗಿತ್ತು ಕಣ್ರೀ. ಕೂಸು ನನ್ನ ಎದೆಗೆ ಅಂಟಿಕೊಂಡು ಮಲಗ್ತದೆ. ಕೊಡಕ್ಕೆ ನನ್ನ ಮೈಕಾವು ಸಿಕ್ಕಿತ್ತಾ?”

ಅವರು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಟ್ರಂಕು ಎಳೆದು ತಾವೇ ಬಟ್ಟೆ ತುಂಬಲು ಶುರು ಮಾಡಿದರು. ಅವರು ತುಂಬಿದ್ದನ್ನು ನಾನು ತೆಗೆದು ಗೂಟಕ್ಕೆ ಹಾಕುತ್ತಿದ್ದೆ. ಗುರುವಾರ ಅವರು ಟ್ರಂಕಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಾಗ ಸೋತೆ ಅನ್ನಿಸಿತು. ಅತ್ತೆ ಏನನ್ನುತ್ತಾರೋ ಅನ್ನುವುದು ಬೇರೆ. ಇಷ್ಟು ದೂರ ಬಂದು ಹಿಮ ಕಾಣದೆ ವಾಪಸ್ ಹೋಗಬೇಕಲ್ಲ ಎಂದು ಅತ್ತುಬಿಟ್ಟೆ.

ಶುಕ್ರವಾರ ಜೀಪು ಬರಲಿಲ್ಲ. ರಸ್ತೆಯೇ ಕಾಣುತ್ತಿರಲಿಲ್ಲ. ಬೆಟ್ಟ, ಮನೆಯ ಮಾಡು, ಬೇಲಿ, ಎಲ್ಲ ಬೆಳ್ಳಗೆ. ಇನ್ನೂ ಬೀಳುತ್ತಲೇ ಇತ್ತು, ಸದ್ದೇ ಇಲ್ಲದೆ. ನಮ್ಮೂರಿನ ಮಳೆಯ ಗಲಾಟೆ ಕೇಳಿ ಬೆಳೆದ ನನಗೆ ಆ ಮೌನಕ್ಕೇ ಮೈ ನಡುಗಿತು. ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಅಂಗಳಕ್ಕಿಳಿದೆ. ರೆಪ್ಪೆಯ ಮೇಲೆ ಹಿಮ ಬಿತ್ತು. ನಾಲಿಗೆ ಚಾಚಿ ತಿಂದೆ. ಕಾಲ ಬೆರಳು ಮರಗಟ್ಟುತ್ತಾ ಬಂತು. ಆಗಲಿ ಅಂದುಕೊಂಡೆ.

“ಸಾಕು, ಒಳಗೆ ಬಾ!” ಗಂಡ ಬಾಗಿಲಿನಿಂದ ಕೂಗಿದರು.

ಅಷ್ಟರಲ್ಲಿ ಮಗಳು ಕಂಬಳಿಯಿಂದ ಕೈ ಬಿಡಿಸಿಕೊಂಡು ಮೋಟುಗೋಡೆಯ ಮೇಲಿದ್ದ ಹಿಮಕ್ಕೆ ಅಂಗೈ ಊರಿದಳು. ಮರುಕ್ಷಣವೇ ಕಿಟಾರನೆ ಕಿರುಚಿದಳು.

“ನೋಡು! ನಾ ಹೇಳಿಲ್ವಾ? ನಮ್ಮಮ್ಮ ಹೇಳಿಲ್ವಾ?”

ನನ್ನ ಧೈರ್ಯವೆಲ್ಲ ಕರಗಿಹೋಯಿತು. ಅವಳ ಕೆಂಪಾದ ಅಂಗೈಯನ್ನು ಬಾಯಿಯ ಉಸಿರಿನಿಂದ ಕಾಯಿಸುತ್ತಾ, ತಪ್ಪು ಮಾಡಿದೆ, ಅವರು ಹೇಳಿದ್ದೇ ನಿಜ ಅಂದುಕೊಳ್ಳುತ್ತಾ ಒಳಗೆ ತಿರುಗಿದೆ. ಅವಳ ಅಳು ನಿಂತಿರಲಿಲ್ಲ. ಅಳುತ್ತಳುತ್ತಲೇ ಕೈ ಕಿತ್ತುಕೊಂಡು, ನನ್ನ ಹೆಗಲ ಮೇಲಿಂದ ಬಾಗಿ, ಅದೇ ಕೈಯನ್ನು ಮತ್ತೆ ಹಿಮದತ್ತ ಚಾಚಿದಳು.