ಬೆಳಕಿಂಡಿ ಮುಚ್ಚಿದ ಐದು ದಿನ

ಕೂಸು ಹುಟ್ಟಿದ ಆರನೆಯ ದಿನ ಬೆಳಿಗ್ಗೆ ನನ್ನ ತಂಗಿ ಗಂಗವ್ವ ತಲೆ ಎತ್ತಲಿಲ್ಲ.

"ಅಕ್ಕಾ, ಹಣಿಗೆ ಯಾರೋ ಹಗ್ಗ ಬಿಗದ್ಹಂಗ ಆಗೇತಿ," ಅಂದಳು.

ಮೈ ಮುಟ್ಟಿ ನೋಡಿದೆ. ಬಿಸಿ ಇರಲಿಲ್ಲ. ಧಾರವಾಡದಿಂದ ತಂದಿದ್ದ ಥರ್ಮಾಮೀಟರ್ ಇಟ್ಟು ನೋಡಿದೆ. ನಾರ್ಮಲ್. ನಾಲಿಗೆ ನೋಡಿದೆ. ಕಂಕುಳಲ್ಲಿ ಗಂಟು ಇದೆಯೇ ಎಂದು ಒತ್ತಿ ನೋಡಿದೆ. ಏನೂ ಇರಲಿಲ್ಲ. ನನಗೂ ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಅದನ್ನು ಹೇಳಲಿಲ್ಲ. ಬಾಣಂತಿಯ ಆರೈಕೆಗೆ ಬಂದವಳು ತನ್ನ ತಲೆನೋವು ಹೇಳಿಕೊಳ್ಳಬಾರದು, ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಮ್ಮ ತವರು ಧಾರವಾಡ, ಇಂಗ್ಲಿಷರ ಸೀಮೆ. ಗಂಗವ್ವನ ಗಂಡ ಗುರುಪಾದಪ್ಪನಿಗೆ ಬೀದರಿನ ತಹಸೀಲ್ ಕಚೇರಿಯಲ್ಲಿ ನೌಕರಿ ಸಿಕ್ಕಿ ಇಬ್ಬರೂ ನಿಜಾಮರ ಸೀಮೆಗೆ ಬಂದು ಒಂದೂವರೆ ವರ್ಷವಾಗಿತ್ತು. ನಮ್ಮ ಕಡೆ ಇದನ್ನು ಮೊಗಲಾಯಿ ಎನ್ನುತ್ತಾರೆ; ಮಗಳನ್ನು ಮೊಗಲಾಯಿಗೆ ಕೊಟ್ಟೆವು ಎಂದು ಅವ್ವ ಹೇಳುವಾಗ ಸಮುದ್ರದ ಆಚೆ ಕಳಿಸಿದವಳ ಹಾಗೆ ಹೇಳುತ್ತಿದ್ದಳು. ಆ ವರ್ಷ ದೊಡ್ಡ ಯುದ್ಧ ಮುಗಿಯಿತು ಎಂಬ ಸುದ್ದಿಯೂ ಹೊಸ ಜ್ವರವೂ ಒಟ್ಟಿಗೇ ಬಂದವು. ರೈಲಿನಲ್ಲಿ ಕೂತವರು ಇಳಿಯುವ ಹೊತ್ತಿಗೆ ಹೆಣವಾಗಿರುತ್ತಾರೆ ಎಂದು ಕೇಳಿದ್ದೆವು. ತುಂಬು ಬಸುರಿಯನ್ನು ಅಷ್ಟು ದೂರ ತರುವುದು ಬೇಡವೆಂದು ತವರೇ ಅವಳ ಬಳಿಗೆ ಹೋಯಿತು. ತವರು ಅಂದರೆ ನಾನು. ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ರಜೆ ಕೇಳಿದೆ, ಕೊಟ್ಟರು.

ಗಡಿಯ ಸುಂಕದ ನಾಕೆಯಲ್ಲಿ ಒಬ್ಬ ನನ್ನ ಗಂಟು ಬಿಚ್ಚಿಸಿ, ಬಾಣಂತಿಯ ಖಾರದ ಪುಡಿಯನ್ನು ಮೂಸಿ ನೋಡಿ, ಸೀನಿದ. ಅವನು ಸೀನಿದ ಪುಡಿಯನ್ನು ನಾನು ಬೀದರಿಗೆ ಒಯ್ಯಲಿಲ್ಲ. ದಾರಿಯಲ್ಲೇ ಹಳ್ಳಕ್ಕೆ ಸುರಿದೆ.

ಆಗ ನನ್ನ ಮನಸ್ಸು ಹಾಗಿತ್ತು. ಅಂಗಡಿಯ ಹಲಗೆಗಳ ಮೇಲಿನ ಉರ್ದು ನನಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದ ಊರಿನಲ್ಲಿ ಎಲ್ಲವೂ ತನ್ನಿಂದ ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಹಾಲಿನವನು ಕೆಮ್ಮಿದರೆ ಆ ದಿನದ ಹಾಲು ಚೆಲ್ಲುತ್ತಿದ್ದೆ. ಜ್ವರ ಗಾಳಿಯಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದೇ ಪತ್ರಿಕೆಯ ಹಾಳೆಗಳನ್ನು ಹಿಟ್ಟಿನ ಅಂಟಿನಿಂದ ಬಾಣಂತಿ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಅಂಟಿಸಿದೆ. ಹೊರಸಿನ ಕೆಳಗೆ ಇದ್ದಿಲ ಕೆಂಡದ ಶೇಗಡಿ ಇಟ್ಟೆ. ಬಾಣಂತಿಯ ಮೈ ಬೆಚ್ಚಗಿರಬೇಕು. ನಮ್ಮಲ್ಲಿ ಎಲ್ಲರೂ ಇಡುತ್ತಾರೆ.

ಉಳಿದದ್ದು ಬೆಳಕಿಂಡಿ ಒಂದೇ. ಮಣ್ಣಿನ ಮಾಳಿಗೆಯಲ್ಲಿ ಮೊರದಗಲದ ತೂತು.

ಸೂಲಗಿತ್ತಿ ಮಾಣಿಕವ್ವ ದಿನಾ ಜನವಾಡದಿಂದ ನಡೆದು ಬರುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಔರಾದ ಕಡೆಯ ಹುಟ್ಟು. ನಡುವಿಗೆ ಬಜೆ, ಬೆಳ್ಳುಳ್ಳಿ, ಎಂಥದೋ ಬೇರುಗಳ ಚೀಲ. ನಾನು ಬಿಸಿನೀರಿನಲ್ಲಿ ಎರಡು ಸಲ ಕೈ ತೊಳೆಸಿದ ಮೇಲೆಯೇ ಕೂಸನ್ನು ಮುಟ್ಟಗೊಡುತ್ತಿದ್ದೆ.

"ಏನ್ರಿ ಅಕ್ಕೋರೇ, ನಿಮ್ಮ ಧಾರವಾಡದಾಗ ಕೂಸುಗೋಳು ಪಾಟಿ ಬಳಪ ಹಿಡಕೊಂಡೇ ಹುಟ್ತಾವೇನು?" ಎಂದು ನಗುತ್ತಿದ್ದಳು. ಗಂಗವ್ವನೂ ನಗುತ್ತಿದ್ದಳು. ಅವರಿಬ್ಬರೂ ಒಟ್ಟಿಗೆ ನಗುವುದು ನನಗೆ ಸೇರುತ್ತಿರಲಿಲ್ಲ.

ಮೂರನೆಯ ದಿನ ಗುರುಪಾದಪ್ಪ ಕಚೇರಿಯ ಸಾಹೇಬರ ಹಿಂದೆ ಊರೂರು ತಿರುಗುವ ದೌರಾಕ್ಕೆ ಹೋದ. ಮೊದಲು ಭಾಲ್ಕಿ, ಅಲ್ಲಿಂದ ಔರಾದ. ಹದಿನೈದು ದಿನ. ನಾಲ್ಕನೆಯ ದಿನ ಬೆಳಕಿಂಡಿಯಿಂದ ಒಂದು ಬೇವಿನ ಟೊಂಗೆ ಕೋಣೆಯೊಳಗೆ ಬಿತ್ತು. ಮಾಟ ಮಂತ್ರ ನಾನು ನಂಬುವುದಿಲ್ಲ. ನಂಬುವುದಿಲ್ಲ ಎಂದುಕೊಳ್ಳುತ್ತಲೇ ಅದನ್ನು ಇಕ್ಕಳದಿಂದ ಎತ್ತಿ ಹೊರಗೆ ಎಸೆದೆ.

ಐದನೆಯ ದಿನ ಮಾಣಿಕವ್ವ ಅಂದಳು: "ಇವತ್ತ ಸಟವಿ ಬರ್ತಾಳ್ರಿ, ಕೂಸಿನ ಹಣಿಬರಾ ಬರಿಲಾಕ. ಬೆಳಕಿಂಡಿ ಪೂರಾ ತೆರದಿಡ್ರಿ. ಅಕಿ ಬರೂ ದಾರಿ ಅದು. ಬಾಣಂತಿ ಏಳೂ ತನಕಾ ಮುಚ್ಚಬಾರದು."

"ನಾವು ಶರಣರ ಮಾರ್ಗದವರು. ಕೂಸಿನ ಕೊರಳಾಗ ಲಿಂಗ ಕಟ್ಟೇತಿ. ನಮಗ ಒಬ್ಬಾವ ದೇವರು. ಸಟವಿ ಗಿಟವಿ ನಮ್ಮ ಮನ್ಯಾಗ ಇಲ್ಲ."

"ನೀವು ನಂಬಬ್ಯಾಡ್ರಿ. ಸುಮ್ಮ ತೆರದಿಡ್ರಿ. ನೀವು ನಂಬಿದರೇನು ಬಿಟ್ಟರೇನು, ಅಕೀಗಿ ಏನಾಗೂದದ?"

ಅವಳು ಹೋದ ಮೇಲೆ ಕೋಲಿನ ತುದಿಗೆ ಹಳೆಯ ಕಂಬಳಿ ಸುತ್ತಿ ಬೆಳಕಿಂಡಿಗೆ ತುರುಕಿದೆ. ಗಾಳಿಯ ಜ್ವರಕ್ಕೂ ಸಟವಿಗೂ ಒಂದೇ ಕಂಬಳಿ ಸಾಕಾಯಿತು ಎಂದು ಮನಸ್ಸಿನಲ್ಲೇ ಬೀಗಿದೆ.

ಮರುದಿನ ಗಂಗವ್ವ ತಲೆ ಎತ್ತಲಿಲ್ಲ.

ಶಾಲೆಯ ಹಾಜರಿ ಬರೆದು ಬರೆದು ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಒಂದು ನೋಟುಬುಕ್ಕಿನಲ್ಲಿ ಮೂರು ಮನೆ ಎಳೆದೆ: ದಿನ, ಲಕ್ಷಣ, ಕಾರಣ. ಏಳನೆಯ ದಿನ ಹೀಗೆ ಬರೆದಿದ್ದೇನೆ: ಬೆಳಿಗ್ಗೆ ತಲೆನೋವು. ಮಾಣಿಕವ್ವ ಬಂದು ಬೆಳಕಿಂಡಿ ತೆರೆದಳು, ಅಂಗಳದ ಬಚ್ಚಲಲ್ಲಿ ಎರೆದಳು. ಆಗ ನೋವು ಕಡಿಮೆ. ಅವಳು ಹೋದ ಎರಡು ತಾಸಿಗೆ ಮತ್ತೆ ನೋವು, ವಾಂತಿ. ಕೂಸು ಮೊಲೆ ಹಿಡಿದು ಬಿಡುತ್ತದೆ. ಎಂಟನೆಯ ದಿನವೂ ಹೆಚ್ಚುಕಡಿಮೆ ಅದೇ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವಳು ಹೋದೊಡನೆ ಬೆಳಕಿಂಡಿಯನ್ನು ಮತ್ತೆ ಮುಚ್ಚುತ್ತಿದ್ದವಳು ನಾನು. ಅದೊಂದನ್ನು ಬರೆದಿರಲಿಲ್ಲ. ಬರೆಯಬೇಕಾದ ವಿಷಯ ಎಂದು ಅನ್ನಿಸಲೇ ಇಲ್ಲ.

ಕಾರಣದ ಮನೆಯಲ್ಲಿ ಎರಡು ದಿನವೂ ಬರೆದ ಹೆಸರು ಒಂದೇ. ಮಾಣಿಕವ್ವ.

ಮೊದಲು ಅವಳ ಕಷಾಯದ ಮೇಲೆ ಸಂಶಯಪಟ್ಟೆ. ಅವಳ ಕಣ್ಣು ತಪ್ಪಿಸಿ ಚೆಲ್ಲಿದೆ. ನೋವು ನಿಲ್ಲಲಿಲ್ಲ. ಹಾಗಾದರೆ ಎಣ್ಣೆಯಲ್ಲಿದೆ ಎಂದುಕೊಂಡೆ. ಒಂಬತ್ತನೆಯ ದಿನ ಎಣ್ಣೆ ಹಚ್ಚಗೊಡಲಿಲ್ಲ. ಅವಳು ಬೆಳಕಿಂಡಿಯ ಕಂಬಳಿ ಎಳೆದು ಹಾಕಿ ಹೊರಟಳು. ಬಾಗಿಲವರೆಗೆ ಹೋಗಿ ಹೇಳಿದೆ, "ನಾಳೆಯಿಂದ ಬರೂದು ಬ್ಯಾಡ."

ಅವಳು ನನ್ನ ಮುಖ ನೋಡಿದಳು. "ಕೂಸಿನ ಹೊಕ್ಕಳಾ ಇನ್ನಾ ಬಿದ್ದಿಲ್ರಿ," ಅಂದಳು. ಅಷ್ಟೆ.

ಆ ದಿನವೂ ಕಾರಣದ ಮನೆಯಲ್ಲಿ ಅವಳ ಹೆಸರು ಬರೆದೆ. ಮೂರು ಸಲ ಆಯಿತು.

ಹತ್ತನೆಯ ದಿನ ಮೋಡ ಕವಿದಿತ್ತು. ಬೀದರಿನ ಚಳಿಗಾಳಿ ಬಾಗಿಲನ್ನು ಬಡಿಯುತ್ತಿತ್ತು. ಶೇಗಡಿಗೆ ಇನ್ನೆರಡು ಹಿಡಿ ಇದ್ದಿಲು ಹಾಕಿ ಒಳಗಿನಿಂದ ಅಗಳಿ ಹಾಕಿದೆ. ಆ ದಿನ ಬೆಳಕಿಂಡಿ ತೆರೆಯುವವರು ಯಾರೂ ಇರಲಿಲ್ಲ. ಕೂಸಿನ ಮುಖ ಕೆಂಪಗೆ ದಾಸವಾಳದ ಹಾಗಿತ್ತು. ಮೈ ತುಂಬಿಕೊಳ್ಳುತ್ತಿದೆ ಎಂದು ಸಂತೋಷಪಟ್ಟೆ.

ಹೊತ್ತು ಏರಿದಾಗ ಹೊರಗಿನ ಕಟ್ಟೆಯಿಂದ ಮಾಣಿಕವ್ವನ ಧ್ವನಿ ಬಂತು. ಬರಬೇಡ ಅಂದರೂ ಬಂದಿದ್ದಳು.

"ಅಕ್ಕೋರೇ, ಬಾಗಲಾ ತೆಗೀರಿ. ನಾ ಹುಲಿ ಅಲ್ರಿ."

ಅಗಳಿ ಮುಟ್ಟಿ ನೋಡಿ, ಹೊರಸಿನ ಪಕ್ಕ ನೆಲಕ್ಕೆ ಒರಗಿದೆ.

"ಹೋಗ್ಲಿ, ನಾ ಇಲ್ಲೇ ಕೂಡ್ತೇನಿ. ಕೂಸಿಂದು ಅಳು ಕೇಳಿಸಿದ ಮ್ಯಾಲ ಹೋಗ್ತೇನಿ."

ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಎದ್ದು ಕೂಡಬೇಕು ಅನ್ನಿಸುತ್ತಿತ್ತು. ಕೂಡುವುದು ಹೇಗೆ ಎಂಬುದು ಮರೆತಿತ್ತು.

"ಅಕ್ಕೋರೇ, ಅಳು ಕೇಳ್ಲಾಕತ್ತಿಲ್ರಿ."

"ಮಲಗೇತಿ," ಅಂದೆ. ನನ್ನ ನಾಲಿಗೆ ಬೇರೆಯವರದಾಗಿತ್ತು.

"ಬಾಣಂತಿಗಿ ಮಾತಾಡಸ್ರಿ."

"ಗಂಗಾ," ಅಂದೆ.

ಗಂಗಾ ಓಗೊಡಲಿಲ್ಲ.

ಹೊರಸಿನ ಕಾಲು ಹಿಡಿದು ಎದ್ದೆ. ಮೊಣಕಾಲು ಮಡಚಿ ಬಿದ್ದೆ. ಬಿದ್ದಲ್ಲಿಂದ ಕೂಸು ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ತುಟಿಯ ಮೇಲೆ ಹಾಲಿನ ಹನಿ ಹಾಗೇ ನಿಂತಿತ್ತು. ಮಾಳಿಗೆಯ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಮಣ್ಣು ಉದುರಿತು. ಆಗಲೂ ನನಗೆ ಹೊಳೆದದ್ದು ಒಂದೇ: ಬಂದಳು, ಮಾಡಬೇಕೆಂದದ್ದನ್ನು ಮಾಡಿ ಮುಗಿಸಲು ಬಂದಳು.

ಕಂಬಳಿ ಮೇಲಕ್ಕೆ ಹೋಯಿತು. ಬೆಳಕು ಬಿತ್ತು.

"ತೆವಳಕೋತ ಬರ್ರಿ! ಅಗಳಿ ತೆಗೀರಿ! ಅಕ್ಕೋರೇ, ಬೈರಿ ನನಗ, ಬಡೀರಿ ಬೇಕಾದ್ರ, ಅಗಳಿ ತೆಗೀರಿ!"

ಬೆಳಕಿಂಡಿಯಿಂದ ಬಿದ್ದ ತಣ್ಣನೆ ಗಾಳಿಯನ್ನು ಎಷ್ಟೋ ಸಲ ಕುಡಿದಿರಬೇಕು. ತೆವಳಿದೆ. ಅಗಳಿಗೆ ಕೈ ಎಟುಕಿತು. ಅವಳು ಏಣಿ ಇಳಿದು ಬಂದವಳೇ ನನ್ನನ್ನು ದಾಟಿ ಒಳಗೆ ನುಗ್ಗಿ, ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಆಮೇಲೆ ಗಂಗವ್ವನನ್ನು ಹೊರಸಿನ ಸಮೇತ ಹೊಸ್ತಿಲ ತನಕ ಎಳೆದಳು. ಓಣಿಯವರು ಕೂಡಿದರು. ಯಾರೋ ಮಿಶನ್ ದವಾಖಾನೆಗೆ ಓಡಿದರು.

ಅಲ್ಲಿಯ ಹೆಣ್ಣು ಡಾಕ್ಟರು, ಊರಿನವರ ಡಾಕ್ಟರ್ ಬಾಯಿ, ಬಂದಾಗ ಕೂಸು ಉಸಿರಾಡುತ್ತಿತ್ತು. ಅತ್ತಿರಲಿಲ್ಲ. ಮಾಣಿಕವ್ವ ಅದರ ಅಂಗಾಲು ತಿಕ್ಕುತ್ತ, ಬಾಯಿಗೆ ಬಾಯಿ ಹತ್ತಿರ ತಂದು ಊದುತ್ತ ಕೂತಿದ್ದಳು. ಡಾಕ್ಟರ್ ಬಾಯಿ ಇಬ್ಬರ ಪಲ್ಸ್ ನೋಡಿದರು. ಕೋಣೆಯೊಳಗೆ ಹೋಗಿ, ನಿಂತು, ಬೇಗ ಹೊರಗೆ ಬಂದರು.

"ಕಿಟಕಿಗೆ ಕಾಗದ ಯಾರು ಹಚ್ಚಿದ್ದು?"

"ನಾನು."

"ಶೇಗಡಿ?"

"ನಾನು."

"ಕೆಂಡದ ಗ್ಯಾಸಿಗಿ ವಾಸನಿ ಇರೂದಿಲ್ಲಮ್ಮ. ಮುಚ್ಚಿದ ಖೋಲಿಯಾಗ ಅದು ಉಸಿರೇ ತಿಂತದ. ಮ್ಯಾಲ ಬೆಳಕಿಂಡಿ ಇತ್ತಲ್ಲ? ಅದನ್ನ ಯಾರು ಮುಚ್ಚಿದ್ರು?"

ಮಾಣಿಕವ್ವ ತಲೆ ಎತ್ತದೆ ಹೇಳಿದಳು: "ಹವಾಕ್ಕ ಎಲ್ಲಿಂದೋ ಕಂಬಳಿ ಹಾರಿ ಬಂದು ಕೂತಿತ್ತು ಬಿಡ್ರಿ ಬಾಯೋರೇ."

ಓಣಿಯವರೆಲ್ಲ ಕೇಳುತ್ತಿದ್ದರು.

"ಹಾರಿ ಬಂದಿಲ್ಲ," ಅಂದೆ. "ನಾನೇ ಮುಚ್ಚಿದೆ. ಐದು ದಿನ ಮುಚ್ಚಿದೆ. ಈಕಿ ತೆರೀತಿದ್ದಳು."

ಸಂಜೆಯ ಹೊತ್ತಿಗೆ ಗಂಗವ್ವ ಕಣ್ಣು ಬಿಟ್ಟಳು. ಕೂಸು ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು. ಡಾಕ್ಟರ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ತಾಯಿ ಸುಧಾರಿಸ್ತಾಳ. ಕೂಸಿಂದು ಈಗೇ ಹೇಳ್ಲಾಕ ಬರೂದಿಲ್ಲ. ತಲಿಗಿ ಪೆಟ್ಟು ಆಗಿರಬಹುದು, ಆಗದೇನೂ ಇರಬಹುದು. ಬೆಳಕಿಗಿ ಕಣ್ಣು ಹೊಳ್ಳಸ್ತದೇನು, ಸಪ್ಪಳಕ್ಕ ಬೆಚ್ಚತದೇನು, ನೋಡ್ಕೋತ ಇರ್ರಿ."

ಅಂದಿನಿಂದ ನೋಡುವುದೇ ನನ್ನ ಕೆಲಸವಾಯಿತು. ಮೂರನೆಯ ವಾರದಲ್ಲಿ ಕೂಸು ಬೆಳಕಿಂಡಿಯ ಕಡೆಗೆ ಕಣ್ಣು ಹೊರಳಿಸಿತು. ಸಪ್ಪಳಕ್ಕೆ ಮಾತ್ರ ಇಲ್ಲ. ಚಪ್ಪಾಳೆ ತಟ್ಟಿದೆ. ಹಿತ್ತಾಳೆಯ ತಾಟು ಕೆಡವಿದೆ. ರೆಪ್ಪೆ ಅಲುಗಿದಂತೆ ಕಾಣುತ್ತಿತ್ತು. ಮರುಗಳಿಗೆ ಅಲುಗಿಲ್ಲ ಅನ್ನಿಸುತ್ತಿತ್ತು. ಹಿಂದೆ ಊರನ್ನೆಲ್ಲ ನಂಬದವಳು ಈಗ ನನ್ನ ಕಣ್ಣನ್ನೇ ನಂಬದಾದೆ. ಗುರುಪಾದಪ್ಪ ಔರಾದದಿಂದ ಬಂದು ಎಲ್ಲ ಕೇಳಿ, ಕಿಟಕಿಯ ಕಾಗದಗಳನ್ನು ಉಗುರಿನಿಂದ ಕೆರೆದು ತೆಗೆದ. ಅವನು ಬೈದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಒಂದು ದಿನ ಮಾಣಿಕವ್ವನನ್ನು ಕೇಳಿದೆ, "ಸಟವಿ ಅಂತ ಯಾಕ ಹೇಳಿದಿ? ಶೇಗಡಿ ಬೆಂಕಿಗೆ ಅಂತ ಹೇಳಿದ್ರ ಕೇಳ್ತಿದ್ದೆ."

"ನನಗೇನ್ ಗೊತ್ರಿ? ನಮ್ಮವ್ವ ಹಂಗೇ ಹೇಳಿದ್ಲು, ನಾ ಹಂಗೇ ಹೇಳ್ದೆ. ಬೆಳಕಿಂಡಿ ಮುಚ್ಚಿದ ಮನಿಗೋಳು ನಮ್ಮವ್ವ ನೋಡಿದ್ಲೋ ಏನೋ." ನಡುವಿನ ಚೀಲ ಬಿಗಿಯುತ್ತ, "ಬೇವಿನ ಟೊಂಗಿ ನಾನೇ ಇಟ್ಟಿದ್ದೆ ಮ್ಯಾಲ, ಬೇಮಾರಿ ಬರಬಾರದಂತ. ಅದನ್ನ ಇಕ್ಕಳದಾಗ ಹಿಡದು ಒಗದ್ರಂತಲ್ಲ, ಗಂಗವ್ವ ಹೇಳಿದ್ಲು," ಎಂದು ಬಿದ್ದು ಬಿದ್ದು ನಕ್ಕಳು.

ಹದಿಮೂರನೆಯ ದಿನಕ್ಕೆ ಆಗಬೇಕಿದ್ದ ತೊಟ್ಟಿಲು ನಲವತ್ತನೆಯ ದಿನಕ್ಕೆ ಆಯಿತು. ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು. ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಸೋದರತ್ತೆ ಹುಬ್ಬಳ್ಳಿಯಲ್ಲಿ, ಜ್ವರದ ಆಚೆ. "ಮಾಣಿಕವ್ವ ಹೇಳಲಿ," ಅಂದಳು ಗಂಗವ್ವ.

ಮಾಣಿಕವ್ವ ತೊಟ್ಟಿಲಿಗೆ ಬಾಗಿದಳು. ಅಂದು ಅವಳು ತಾನೇ ಎರಡು ಸಲ ಕೈ ತೊಳೆದು ಬಂದಿದ್ದಳು. "ಕುರ್ರ್... ನೀಲಮ್ಮ," ಅಂದಳು. ಓಣಿಯ ಹೆಂಗಸರು ನನ್ನ ಕಡೆ ನೋಡಿದರು. ಮೊದಲ ಗುದ್ದು ತವರಿನವಳದು. ನನ್ನ ಕೈ ಏಳಲಿಲ್ಲ.

"ಗುದ್ದರಿ ಅಕ್ಕೋರೇ," ಅಂದಳು, ಬಾಗಿದಲ್ಲಿಂದಲೇ. "ಅಗಳಿ ಹಾಕಿದ ಕೈಗಿ ಈಗ ಏನಾಗೇದ?"

ಗುದ್ದಿದೆ. ಎಣಿಸಿದ್ದಕ್ಕಿಂತ ಜೋರಾಗಿ ಬಿತ್ತು. ಧಪ್ ಎಂದಿತು.

ಕೂಸು ಎರಡೂ ಕೈ ಚೆಲ್ಲಿ ಬೆಚ್ಚಿತು. ಮುಖ ಹಿಂಡಿಕೊಂಡಿತು. ಅತ್ತಿತು.

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಣಿಕವ್ವ ಬೆನ್ನು ತಿಕ್ಕಿಕೊಳ್ಳುತ್ತ, "ಇನ್ನೊಮ್ಮಿ ಗುದ್ದರಿ, ಪಕ್ಕಾ ಆಗ್ಲಿ," ಅಂದಳು.

ಒಮ್ಮೆ ಬೆಚ್ಚಿದ್ದು ಎಲ್ಲಕ್ಕೂ ಉತ್ತರವಲ್ಲ. ಡಾಕ್ಟರ್ ಬಾಯಿಯೂ ಅದನ್ನೇ ಹೇಳಿದರು: ಒಳ್ಳೆಯ ಲಕ್ಷಣ, ಇನ್ನೂ ನೋಡೋಣ. ನೋಡುತ್ತಿದ್ದೇನೆ. ಆ ದಿನ ನೋಟುಬುಕ್ಕು ತೆರೆದು ಮೊದಲ ಮನೆಯಲ್ಲಿ ನಲವತ್ತು ಎಂದು ಬರೆದೆ. ಎರಡನೆಯದರಲ್ಲಿ, ಸಪ್ಪಳಕ್ಕೆ ಬೆಚ್ಚಿ ಅತ್ತಳು. ಕಾರಣದ ಮನೆಯಲ್ಲಿ, ಮೇಲಿನ ಸಾಲುಗಳಲ್ಲಿ ಮೂರು ಸಲ ಬರೆದಿದ್ದ ಹೆಸರನ್ನೇ ನಾಲ್ಕನೆಯ ಸಲ ಬರೆದೆ.