ಮೈಕಿನ ಕೊಟ್ರಪ್ಪನವರ ಜೋಡಿ ಬಾಕ್ಸು

ಕೊಟ್ಟೂರಿನ ಮೈಕಿನ ಕೊಟ್ರಪ್ಪನವರು ಮೊಬೈಲ್ ಎತ್ತಿದರೆ ಹಲೋ ಅನ್ನುವ ಮೊದಲು ಎರಡು ಸಲ ಊದುತ್ತಿದ್ದರು. ಆಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತಿದ್ದರು. ಸದ್ದು ಹೊರಟಿತೆಂದು ಖಾತ್ರಿಯಾದ ಮೇಲೆಯೇ ಮಾತು. ಅದೂ ಎಂಥ ಮಾತು, ಚಪ್ಪರದ ಆ ತುದಿಯಲ್ಲಿ ಕುಳಿತವರಿಗೂ ಕೇಳಬೇಕು. ಮೊದಲ ಸಲ ಅವರಿಗೆ ಫೋನ್ ಮಾಡಿದಾಗ ನಾನು ಗಾಬರಿಬಿದ್ದು ಮೊಬೈಲನ್ನು ಮೊಳ ದೂರ ಹಿಡಿದಿದ್ದೆ.

ಫೋನ್ ಮಾಡಿದ್ದು ಅವ್ವನ ಸಲುವಾಗಿ. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು. ದೊಡ್ಡವ್ವ ಒಂದು ಸಾಲು ಎತ್ತಿದರೆ ಅವ್ವ ಮುಂದಿನದನ್ನು ಹಿಡಿಯಬೇಕು. ದೊಡ್ಡವ್ವ ತೀರಿಕೊಂಡ ಮೇಲೆ ಅವ್ವ ಹಾಡುವುದನ್ನೇ ಬಿಟ್ಟಳು. ಹಿಂದೆ ಯಾರೋ ನೆಂಟರು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದ ಇಬ್ಬರ ಹಾಡನ್ನು ನಾನು ಹುಡುಕಿ ತಂದು, ಹರಪನಹಳ್ಳಿಯ ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿಸಿದೆ. ಅದರ ಪುಟ್ಟ ಸ್ಪೀಕರುಗಳಲ್ಲಿ ಕೇಳಿಸಿದರೆ ಅವ್ವ ಮುಖ ತಿರುಗಿಸಿದಳು.

"ತಗಡು ಕೆರದಂಗ ಐತಿ. ನಮ್ಮಕ್ಕನ ದನಿ ಹಿಂಗ ಎಲ್ಲಿತ್ತು? ಬಂದ್ ಮಾಡಪ್ಪ."

ಅವಳಿಗೆ ಅಕ್ಕನ ದನಿಯನ್ನು ಮರಳಿ ಕೇಳಿಸಲೇಬೇಕೆಂಬ ಹಟ ನನಗೆ ಹಿಡಿಯಿತು. ಹಳೆಯ ಮರದ ಸ್ಪೀಕರ್ ಬಾಕ್ಸುಗಳ ಸದ್ದು ತುಂಬಿಕೊಂಡು ಬರುತ್ತದೆ, ಕೊಟ್ರಪ್ಪನವರನ್ನು ಕೇಳಿ ನೋಡು ಎಂದರು ನನ್ನ ಜೊತೆ ಪಾಠ ಹೇಳುವ ಮೇಷ್ಟ್ರೊಬ್ಬರು.

ಒಂದು ಕಾಲಕ್ಕೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಕೊಟ್ರಪ್ಪನವರ ಮೈಕ್ ಸೆಟ್ ಇಲ್ಲದೆ ಮದುವೆ ಕಳೆಗಟ್ಟುತ್ತಿರಲಿಲ್ಲವಂತೆ. ಡಿಜೆ ಬಂದ ಮೇಲೆ ಬಾಡಿಗೆಗೆ ಕರೆಯುವವರಿಲ್ಲ. ಒಂದೊಂದೇ ಸಾಮಾನು ಗುಜರಿಗೆ ಹೋಗಿ, ಒಂದು ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಸೊಂಟದೆತ್ತರದ ಎರಡು ಬಾಕ್ಸು ಉಳಿದಿದ್ದವು. ಅವಕ್ಕೆ ಹೆಂಡತಿಯ ಹಳೆಯ ಸೀರೆ ಹೊದಿಸಿದ್ದರು. ನಾನು ಕೊಟ್ಟೂರಿಗೆ ಹೋದಾಗ, ಸೀರೆ ಸರಿಸುವ ಮೊದಲು ನನ್ನ ವಿಚಾರಣೆ ನಡೆಯಿತು. ಮನೆ ಸೋರುತ್ತದೆಯೇ, ಇಲಿಗಳಿವೆಯೇ, ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ.

"ಇದರಾಗ ಏನು ಹಾಡು ಹಾಕ್ತೀರಿ ಮೇಷ್ಟ್ರ?"

ಅವ್ವ ಮತ್ತು ದೊಡ್ಡವ್ವ ಹಾಡಿದ ಸೋಬಾನೆ ಎಂದೆ. ಅವರ ಮುಖ ಸಡಿಲಾಯಿತು. ಅಲ್ಲಿಗೇ ಸುಮ್ಮನಿರದೆ, ಮನೆಯಲ್ಲಿ ಜಾಗವಿಲ್ಲ, ಒಂದೇ ಬಾಕ್ಸು ಸಾಕಿತ್ತು ಎಂದುಬಿಟ್ಟೆ.

"ಜೋಡಿ ಅಗಲಸಂಗಿಲ್ರಿ. ನೀವೇನು ಒಂದ ಕಿವಿ ಇಟ್ಕೊಂಡು ಹುಟ್ಟೀರೇನು?"

ಆಂಪ್ಲಿಫೈಯರಿನ ಜೊತೆ ಎರಡನ್ನೂ ಕೊಂಡೆ. ತಲುಪಿಸಲು ತಾವೇ ಲಗೇಜ್ ಆಟೋದಲ್ಲಿ, ಬಾಕ್ಸುಗಳ ನಡುವೆ ಅವುಗಳ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಕಂಪ್ಯೂಟರನ್ನು ಹಿಂದೆ ಮುಂದೆ ನೋಡಿ, "ಕ್ಯಾಸೆಟ್ ಎಲ್ಲಿ ತುರುಕ್ತೀರಿ?" ಎಂದರು. ಹಾಡು ಅದರೊಳಗೇ ಇದೆ ಎಂದು ಹೇಳಿ, ವೈರಿನ ಒಂದು ತುದಿಯನ್ನು ಕಂಪ್ಯೂಟರಿನ ಇಯರ್‌ಫೋನ್ ತೂತಿಗೂ ಇನ್ನೊಂದು ತುದಿಯ ಕೆಂಪು, ಬಿಳಿ ಪಿನ್ನುಗಳನ್ನು ಆಂಪ್ಲಿಫೈಯರಿಗೂ ಸಿಕ್ಕಿಸಿದೆ. ಅಷ್ಟರಲ್ಲಿ ಅವರು ಬಾಕ್ಸುಗಳನ್ನು ಎರಡು ಕಿಟಕಿಗಳಿಗೆ ಆನಿಸಿ, ಮುಖವನ್ನು ಬೀದಿಗೆ ಮಾಡಿಬಿಟ್ಟಿದ್ದರು. ಆಯುಷ್ಯವೆಲ್ಲ ಊರಿಗೆ ಕೇಳಿಸಿದ ಮನುಷ್ಯನಿಗೆ, ಮನೆಯೊಳಗಿನವರೇ ಕೇಳಲು ಹಾಡು ಹಚ್ಚುತ್ತಾರೆಂಬುದು ಹೊಳೆದೇ ಇರಲಿಲ್ಲ. ನಾನು ಅದನ್ನು ಗಮನಿಸುವ ಹೊತ್ತಿಗೆ ಹಾಡು ಶುರುವಾಗಿತ್ತು, ಕೊಟ್ರಪ್ಪನವರು ವಾಲ್ಯೂಮನ್ನು ಪೂರಾ ತಿರುವಿದ್ದರು.

ದೊಡ್ಡವ್ವನ ದನಿ ಓಣಿಯ ತುದಿ ಮುಟ್ಟಿತು. ಎದುರು ಮನೆಯ ರತ್ನಮ್ಮ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದೇಬಿಟ್ಟರು. "ಮದುವಿ ಇಟ್ಕೊಂಡು ನಮಗೊಂದು ಮಾತು ಹೇಳಲಿಲ್ಲಲ್ಲ. ಯಾರದು?" ಎಂದು ಮುನಿಸಿನಿಂದಲೇ ಕೇಳಿದರು.

ಅವ್ವ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು.

"ಮದುವಿ ಇಲ್ಲವ್ವ. ನಮ್ಮಕ್ಕ ಹಾಡಾಕ ಹತ್ಯಾಳ."

ಮುಂದಿನ ಸಾಲು ಬಂದಾಗ ಅವ್ವ ಅದನ್ನು ಹಿಡಿದಳು. ಬಾಕ್ಸಿನೊಳಗಿದ್ದ ತನ್ನದೇ ಹರೆಯದ ದನಿಯ ಜೊತೆ ಅವಳ ಈಗಿನ ದನಿ ನಡುಗುತ್ತ ಹೋಯಿತು, ಸಾಲು ಮಾತ್ರ ತಪ್ಪಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಮುಗಿದ ಮೇಲೆ ಇನ್ನಾದರೂ ಬಾಕ್ಸುಗಳನ್ನು ಒಳಗೆ ತಿರುಗಿಸೋಣ ಎಂದರೆ ಕೊಟ್ರಪ್ಪನವರು ಒಪ್ಪಬೇಕಲ್ಲ. "ಒಳಗ ಮುಖ ಮಾಡಿದ್ರ ಈ ಹೆಣ್ಮಕ್ಕಳು ಬರ್ತಿದ್ರೇನ್ರಿ?" ಎಂದು ನನ್ನನ್ನೇ ಗದರಿದರು.

ಅವರು ಹೋದ ಮೇಲೆ ತಿರುಗಿಸಿಕೊಂಡೆವು. ಆದರೂ ರತ್ನಮ್ಮ ಮಧ್ಯಾಹ್ನದ ಕೆಲಸ ಮುಗಿಸಿ ಬಂದು ಕೂರುವುದು, ಅವ್ವ ಹಾಡು ಹೇಳಿಕೊಡುವುದು ನಡೆಯಿತು. ಕೊಟ್ರಪ್ಪನವರೂ ಹರಪನಹಳ್ಳಿ ಕಡೆ ಬಂದಾಗಲೆಲ್ಲ ಬಾಕ್ಸುಗಳ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಕೊನೆಯ ಸಲ ಬಂದಾಗ ಎಂದಿಲ್ಲದ ಮೆಲುದನಿಯಲ್ಲಿ ಅವ್ವನಿಗೆ ಹೇಳಿದರು.

"ಯಕ್ಕಾ, ಮೊಮ್ಮಗಳ ಮದುವಿ ಐತಿ. ಡಿಜೆ ಬೇಕಂತಾರ, ಇರಲಿ. ಅರಿಶಿಣದ ಹೊತ್ತಿಗೆ ನೀವು ಬಂದು ಹಾಡ್ರಿ. ಇಷ್ಟು ಮದುವಿ ಮಾಡಿಸೀನಿ, ವೈರ್ ಕಾಯೋದರಾಗ ಒಂದು ಸೋಬಾನಿ ಪದಾನೂ ಕುಂತು ಕೇಳಿಲ್ಲ."

"ಅಕ್ಕನ ಸಾಲು ಯಾರು ಎತ್ತಬೇಕಪ್ಪ? ಅಲ್ಲಿ ಬಾಕ್ಸಿನಾಗ ಆಕಿ ಇರಂಗಿಲ್ಲ."

"ನೀವ ಎತ್ರಿ."

ಮದುವೆಗೆ ಇನ್ನೂ ದಿನಗಳಿರುವಾಗಲೇ ಕೊಟ್ರಪ್ಪನವರು ಎದೆನೋವೆಂದು ಮಲಗಿದವರು ಏಳಲಿಲ್ಲ. ಮದುವೆಯನ್ನು ಈ ವರ್ಷಕ್ಕೆ ಮುಂದೂಡಿದರು. ಕರೆಯೋಲೆ ನಮಗೂ ಬಂತು. ಅರಿಶಿಣದ ದಿನ ಬೆಳಿಗ್ಗೆ ಅವ್ವ ರತ್ನಮ್ಮನನ್ನು ಕರೆದುಕೊಂಡು ನನಗಿಂತ ಮೊದಲೇ ಕೊಟ್ಟೂರಿನ ಬಸ್ಸು ಹತ್ತಿದಳು.

ಅರಿಶಿಣಕ್ಕೆ ಎಲ್ಲರೂ ಹಸೆಯ ಸುತ್ತ ಕೂತಾಗ ಕೊಟ್ರಪ್ಪನವರ ಹೆಂಡತಿ ದೂರದ ಬಾಗಿಲಲ್ಲೇ ನಿಂತಿದ್ದರು. ಅವ್ವ ಎದ್ದು ಹೋಗಿ ಅವರ ಕೈ ಹಿಡಿದಳು. "ಕುಂತು ಕೇಳ್ತೀನಿ ಅಂದಿದ್ರವ್ವ" ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡರು.

"ಅದಕ್ಕ ಬಂದೀನಿ. ಅವರ ಬದಲು ನೀ ಕುಂದ್ರು ಬಾ."

ಹಸೆಯ ಎದುರಿಗೇ, ಎಲ್ಲರ ನಡುವೆ, ಅವರನ್ನು ತನ್ನ ಮಗ್ಗುಲಿಗೆ ಕೂರಿಸಿಕೊಂಡಳು. ಒಮ್ಮೆ ಗಂಟಲು ಸರಿಮಾಡಿಕೊಂಡು, ಅಕ್ಕನ ಸಾಲನ್ನು ತಾನೇ ಎತ್ತಿದಳು.